ದಸರಾ ಬೊಂಬೆ ಸಾಲಿಗೊಂದು ವಾಯುಪಡೆ ವಿಮಾನ: ಗುರುತು, ನಂಬರ್, ಧ್ವಜ ಸರಿಯಾಗಿ ಬಿಡಿಸುವುದು ಹೇಗೆ

ಹೋದ ಸಲ ಬೊಂಬೆ ಕೂರಿಸಿದಾಗ ಮೂರನೇ ಮೆಟ್ಟಿಲಿನ ತುದಿಯಲ್ಲಿ ಒಂದು ತೇಜಸ್ ಯುದ್ಧವಿಮಾನ ಇಟ್ಟಿದ್ದೆ. ಮರದ್ದು. ಕೆತ್ತಿದ್ದು ನಾನಲ್ಲ, ಬಣ್ಣ ಮಾತ್ರ ನನ್ನದು. ಬಂದವರೆಲ್ಲ ಚೆನ್ನಾಗಿದೆ ಅಂದರು, ಮಕ್ಕಳು ಮುಟ್ಟಲು ನೋಡಿದರು, ಬೈಸಿಕೊಂಡರು, ಎಲ್ಲ ಮಾಮೂಲಿ. ಮೂರನೇ ದಿನ ಸಂಜೆ ಎದುರು ಮನೆಯ ಹಿರಿಯರು ಬಂದರು. ವಾಯುಪಡೆಯಲ್ಲಿ ಬಹಳ ವರ್ಷ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಚರ್ಪಿನ ದೊನ್ನೆ ಹಿಡಿದುಕೊಂಡೇ ಬಗ್ಗಿ ನೋಡಿದರು, ಕನ್ನಡಕ ಮೇಲೆ ಸರಿಸಿದರು, ಕಡಲೆ ಉಸಲಿ ಅಗಿಯುತ್ತಾ ಕೇಳಿದರು: "ಚೆನ್ನಾಗಿದೆ ಕಣಪ್ಪಾ. ಯಾವ ದೇಶದ್ದು?"

ರೆಕ್ಕೆ ಮೇಲಿನ ಮೂರು ಬಣ್ಣದ ಸುತ್ತು ಉಲ್ಟಾ ಆಗಿತ್ತು. ಹೊರಗೆ ಹಸಿರು, ನಡುವೆ ಕೇಸರಿ. ಸ್ಟಿಕ್ಕರ್ ಕತ್ತರಿಸಿಕೊಟ್ಟ ಅಂಗಡಿಯವನು ದೊಡ್ಡ ಬಿಲ್ಲೆ ಹಸಿರಲ್ಲಿ, ಚಿಕ್ಕದು ಕೇಸರಿಯಲ್ಲಿ ಕೊಟ್ಟಿದ್ದ. ನಾನು ಸುಮ್ನೆ ಒಂದರ ಮೇಲೊಂದು ಅಂಟಿಸಿದ್ದೆ. ಅವನದು ಅರ್ಧ ತಪ್ಪು, ಕಣ್ಣಿದ್ದೂ ನೋಡದ ನನ್ನದು ಇನ್ನರ್ಧ. ರಾತ್ರಿ ಕೂತು ಕಿತ್ತೆ. ಕೆಳಗಿನ ಬೂದು ಬಣ್ಣವೂ ಜೊತೆಗೇ ಎದ್ದು ಬಂತು.

ಈ ಸಲ ಬೊಂಬೆ ಸಾಲಿಗೆ ವಿಮಾನ ಇಡೋಣ ಅಂತ ಇರುವವರಿಗೆ, ಮಕ್ಕಳ ಶಾಲೆಯ ಪ್ರದರ್ಶನಕ್ಕೆ ಥರ್ಮಾಕೋಲಲ್ಲಿ ಮಾಡಿಕೊಡಬೇಕಾಗಿ ಬಂದ ಅಪ್ಪ ಅಮ್ಮಂದಿರಿಗೆ, ಇದನ್ನು ಬರೆಯುತ್ತಿದ್ದೇನೆ. ವಿಮಾನ ಕೆತ್ತುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದು ಬೇರೆ ಕಥೆ. ಮೇಲಿನ ಗುರುತುಗಳಷ್ಟೇ.

ಮೊದಲು ಸುತ್ತು

ವಿಮಾನದ ರೆಕ್ಕೆ ಮೇಲೆ, ಪಕ್ಕದಲ್ಲಿ ಕಾಣುವ ದುಂಡನೆಯ ಗುರುತಿಗೆ ರೌಂಡೆಲ್ ಅನ್ನುತ್ತಾರೆ. ನಮ್ಮ ವಾಯುಪಡೆಯದು ಹೊರಗೆ ಕೇಸರಿ, ಮಧ್ಯೆ ಬಿಳಿ, ನಡುವಿನ ಬಿಲ್ಲೆ ಹಸಿರು. ನೆನಪಿಟ್ಟುಕೊಳ್ಳಲು ಎದುರು ಮನೆಯವರೇ ಹೇಳಿಕೊಟ್ಟ ಉಪಾಯ ಇದು: ಬಾವುಟವನ್ನು ಮೇಲಿಂದ ಕೆಳಗೆ ಓದುತ್ತೀರಲ್ಲ, ಅದನ್ನೇ ಇಲ್ಲಿ ಹೊರಗಿಂದ ಒಳಗೆ ಓದಿ. ಕೇಸರಿ, ಬಿಳಿ, ಹಸಿರು. ಮುಗೀತು.

ಇದರಲ್ಲಿ ಅಶೋಕ ಚಕ್ರ ಇಲ್ಲ. ನಮ್ಮ ಕಡೆ ನಾನು ನೋಡಿದ ಶಾಲಾ ಮಾದರಿಗಳಲ್ಲಿ ಅರ್ಧಕ್ಕರ್ಧ ಈ ತಪ್ಪು ಇರುತ್ತದೆ. ಬಾವುಟದ ಬಣ್ಣ ಬಂತಲ್ಲ, ಚಕ್ರವೂ ಇರಬೇಕು ಅಂತ ನಡುವೆ ಒಂದು ನೀಲಿ ಚಕ್ರ ಬರೆದುಬಿಡುತ್ತಾರೆ. ಈಗಿನ ವಿಮಾನಕ್ಕೆ ಅದು ಬೇಡ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸ್ವಲ್ಪ ಕಾಲ ಬಿಳಿ ಬಿಲ್ಲೆಯ ಮೇಲೆ ನೀಲಿ ಚಕ್ರವೇ ನಮ್ಮ ವಿಮಾನಗಳ ಗುರುತಾಗಿತ್ತು ಅನ್ನುವುದು ನಿಜ. ಆಮೇಲೆ ಅದು ಹೋಗಿ ಮೂರು ಬಣ್ಣದ ಸುತ್ತು ಬಂತು. ನೀವು 1947-48ರ ಡಕೋಟಾ ಸಾಗಣೆ ವಿಮಾನ ಮಾಡುತ್ತಿದ್ದರೆ ಧಾರಾಳವಾಗಿ ಚಕ್ರ ಹಾಕಿ. ತೇಜಸ್‌ಗೆ ಹಾಕಬೇಡಿ.

ಸರದಿ ಯಾಕೆ ಅಷ್ಟು ಮುಖ್ಯ ಅಂದರೆ, ಅದೇ ಬಣ್ಣ ಬೇರೆ ಸರದಿಯಲ್ಲಿ ಬಂದರೆ ಬೇರೆ ದೇಶ ಆಗಿಬಿಡುತ್ತದೆ. ಬ್ರಿಟನ್ನಿನದು ನಡುವೆ ಕೆಂಪು, ಹೊರಗೆ ನೀಲಿ. ಫ್ರಾನ್ಸಿನದು ನಡುವೆ ನೀಲಿ, ಹೊರಗೆ ಕೆಂಪು. ಅಷ್ಟೇ ವ್ಯತ್ಯಾಸ. ಇಟಲಿಯದು ಹೊರಗೆ ಕೆಂಪು, ಮಧ್ಯೆ ಬಿಳಿ, ನಡುವೆ ಹಸಿರು. ಅಂದರೆ ನಿಮ್ಮ ಕೇಸರಿ ಸ್ವಲ್ಪ ಕೆಂಪಿಗೆ ತಿರುಗಿದರೂ ಸಾಕು, ಬೊಂಬೆ ಸಾಲಿನಲ್ಲಿ ಇಟಲಿ ವಿಮಾನ ಕೂತಿರುತ್ತದೆ.

ಈ ಗುರುತುಗಳು ಹುಟ್ಟಿದ್ದೇ ಇಂಥ ಗೊಂದಲದಿಂದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ತಮ್ಮ ವಿಮಾನದ ಮೇಲೆ ಯೂನಿಯನ್ ಜಾಕ್ ಬಾವುಟವನ್ನೇ ಬರೆದಿದ್ದರು. ದೂರದಿಂದ ನೋಡಿದರೆ ಅದರ ನಡುವಿನ ಕೆಂಪು ಶಿಲುಬೆ ಮಾತ್ರ ಎದ್ದು ಕಾಣುತ್ತಿತ್ತು. ಜರ್ಮನ್ನರ ಗುರುತೂ ಶಿಲುಬೆಯೇ. ಕೆಳಗಿದ್ದ ಬ್ರಿಟಿಷ್ ಸೈನಿಕರು ತಮ್ಮ ವಿಮಾನಕ್ಕೇ ಗುಂಡು ಹೊಡೆಯತೊಡಗಿದರು. ಫ್ರೆಂಚರು ಆಗಲೇ ದುಂಡು ಗುರುತು ಬಳಸುತ್ತಿದ್ದರು. ಬ್ರಿಟಿಷರು ಅದನ್ನೇ ತೆಗೆದುಕೊಂಡು ಬಣ್ಣದ ಸರದಿ ತಿರುಗಿಸಿದರು. ದುಂಡಗಿರುವುದು ಯಾವ ಕೋನದಿಂದ ನೋಡಿದರೂ ಬೇಗ ಗುರುತು ಸಿಗುತ್ತದೆ, ನೋಡಿ.

ಅಳತೆ ತೆಗೆಯುವುದು

ಕಣ್ಣಂದಾಜಲ್ಲಿ ಬರೆದರೆ ಸುತ್ತು ಯಾವಾಗಲೂ ದೊಡ್ಡದಾಗುತ್ತದೆ. ನನಗೂ ಹಾಗೇ ಆಗುತ್ತಿತ್ತು. ಚಂದ ಕಾಣಲಿ ಅಂತ ಕೈ ತಾನಾಗೇ ದೊಡ್ಡದು ಮಾಡುತ್ತದೆ. 1950ರ, 60ರ ದಶಕದ ಹಂಟರ್, ಮಿಸ್ಟೇರ್ ಯುದ್ಧವಿಮಾನಗಳ ಮೇಲೆ ಸುತ್ತು ನಿಜಕ್ಕೂ ದೊಡ್ಡದಿತ್ತು. ಈಗಿನ ಬೂದು ಬಣ್ಣದ ಯುದ್ಧವಿಮಾನಗಳ ಮೇಲೆ ಚಿಕ್ಕದು. ಶತ್ರುವಿನ ಕಣ್ಣಿಗೆ ಬೀಳಬಾರದು ಅಂತ ಇಡೀ ವಿಮಾನಕ್ಕೆ ಮೋಡದ ಬಣ್ಣ ಬಳಿದು, ಅದರ ಮೇಲೆ ತಟ್ಟೆಯಗಲದ ಕೇಸರಿ ಬಿಲ್ಲೆ ಇಟ್ಟರೆ ಬಳಿದ ಕೆಲಸವೆಲ್ಲ ದಂಡ ತಾನೇ.

ನಾನು ಮಾಡುವುದು ಹೀಗೆ. ವಿಮಾನದ ಪಕ್ಕದ ನೋಟ ನೇರವಾಗಿ ಬಂದಿರುವ ಒಂದು ಫೋಟೋ ಹುಡುಕುತ್ತೇನೆ. ಓರೆಯಾಗಿ ತೆಗೆದದ್ದು ಬೇಡ, ಅಳತೆ ತಪ್ಪುತ್ತದೆ. ಅದನ್ನು ಪ್ರಿಂಟ್ ಹಾಕಿಸಿ ಸ್ಕೇಲ್ ಇಡುತ್ತೇನೆ. ಫೋಟೋದಲ್ಲಿ ವಿಮಾನ 20 ಸೆಂ.ಮೀ. ಉದ್ದ, ಸುತ್ತು 8 ಮಿ.ಮೀ. ಅಗಲ ಅಂದುಕೊಳ್ಳಿ. ಅಂದರೆ ಉದ್ದದ 25ರಲ್ಲಿ ಒಂದು ಪಾಲು. ತೇಜಸ್‌ನ ನಿಜವಾದ ಉದ್ದ ಸುಮಾರು 13.2 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 8.2 ಮೀಟರ್. ಅದನ್ನು 48ರಲ್ಲಿ ಒಂದು ಪಾಲು ಮಾಡಿದರೆ ಮಾದರಿ 27.5 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲ ಬರುತ್ತದೆ. ಬೊಂಬೆ ಮೆಟ್ಟಿಲಿಗೆ ಇದು ಸರಿಯಾದ ಗಾತ್ರ. ಇದಕ್ಕಿಂತ ದೊಡ್ಡದಾದರೆ ಪಕ್ಕದ ಶೆಟ್ಟಿ ಬೊಂಬೆಗೆ ರೆಕ್ಕೆ ತಗುಲುತ್ತದೆ. ಆ ಲೆಕ್ಕದಲ್ಲಿ ಸುತ್ತು 11 ಮಿ.ಮೀ. ಆಯಿತು. ನಾನು 12 ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ಒಳಗಿನ ಬಿಳಿ 8, ಹಸಿರು 4 ಅಂತ ಸುಲಭವಾಗಿ ಪಾಲಾಗುತ್ತದೆ.

ಎಷ್ಟು ಕಡೆ ಸುತ್ತು ಬರಬೇಕು, ಎಲ್ಲಿ ಬರಬೇಕು ಅನ್ನುವುದು ವಿಮಾನದಿಂದ ವಿಮಾನಕ್ಕೆ ಬದಲಾಗುತ್ತದೆ. ನೀವು ಮಾಡುವ ವಿಮಾನದ ಮೇಲಿನ ನೋಟ, ಕೆಳಗಿನ ನೋಟ, ಎಡ, ಬಲ, ಹೀಗೆ ನಾಲ್ಕೂ ಫೋಟೋ ಮುಂದಿಟ್ಟುಕೊಳ್ಳಿ. ನೆನಪಿನ ಮೇಲೆ ಏನನ್ನೂ ಬರೆಯಬೇಡಿ. ನನ್ನ ಕಥೆ ಮೇಲೆ ಓದಿದಿರಲ್ಲ.

ಬಣ್ಣ ಹಚ್ಚುವುದು

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಅಂದರೆ ಬೂದು ಬಣ್ಣದ ಮೇಲೆ ನೇರವಾಗಿ ಕೇಸರಿ ಹಚ್ಚುವುದು. ಕೇಸರಿ ತೆಳು ಬಣ್ಣ. ಕೆಳಗಿನದನ್ನು ಮುಚ್ಚುವುದಿಲ್ಲ. ಬೂದಿನ ಮೇಲೆ ಹಚ್ಚಿದರೆ ಒಣಗಿದ ಮೇಲೆ ಹಳೇ ಇಟ್ಟಿಗೆ ಥರ ಕಾಣುತ್ತದೆ. ಮೂರು ಸಲ ಹಚ್ಚಿದರೂ ಅಷ್ಟೇ. ಅಂಚು ಮಾತ್ರ ದಪ್ಪ ಆಗುತ್ತದೆ.

ಅದಕ್ಕೇ ಮೊದಲು ಪೂರ್ತಿ 12 ಮಿ.ಮೀ. ಬಿಲ್ಲೆಯನ್ನು ಬಿಳಿ ಮಾಡಿ. ಎರಡು ಕೈ ತೆಳುವಾಗಿ ಹಚ್ಚಿ, ನಡುವೆ ಒಣಗಲು ಬಿಡಿ. ಅಂಚು ಚೂಪಾಗಿ ಬರಲು ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಕೈವಾರದ ಎರಡೂ ಕಾಲಿಗೆ ಮುಳ್ಳು ಹಾಕಿ ತಿರುಗಿಸಿ ದುಂಡಗೆ ಕೊರೆದುಕೊಳ್ಳಿ. ಹೊರಗಿನ ಟೇಪ್ ವಿಮಾನಕ್ಕೆ, ಒಳಗಿನ ಬಿಲ್ಲೆ ಎತ್ತಿಡಿ, ಬೇಕಾಗುತ್ತದೆ. ಬಿಳಿ ಚೆನ್ನಾಗಿ ಒಣಗಿದ ಮೇಲೆ, ಅಂದರೆ ಮೂರು ನಾಲ್ಕು ಗಂಟೆ ಬಿಟ್ಟು, ಎತ್ತಿಟ್ಟ ಬಿಲ್ಲೆಯನ್ನು 8 ಮಿ.ಮೀ.ಗೆ ಕೊರೆದು ನಡುವೆ ಅಂಟಿಸಿ ಸುತ್ತ ಕೇಸರಿ ಹಚ್ಚಿ. ಬಣ್ಣ ಪೂರ್ತಿ ಒಣಗುವ ಮುಂಚೆಯೇ ಟೇಪ್ ಎತ್ತಬೇಕು. ಎತ್ತುವಾಗ ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ.

ಇನ್ನು ನಡುವಿನ ಹಸಿರು. 4 ಮಿ.ಮೀ. ಬಿಲ್ಲೆಗೆ ಟೇಪ್ ಕೊರೆಯುವುದು ಹಿಂಸೆ. ಬ್ರಷ್ ಇಡಲೇಬೇಡಿ. ತುದಿ ಚಪ್ಪಟೆಯಾಗಿರುವ 4 ಮಿ.ಮೀ. ದಪ್ಪದ ಬಿದಿರು ಕಡ್ಡಿ ತೆಗೆದುಕೊಳ್ಳಿ. ತುದಿಯನ್ನು ಸ್ಯಾಂಡ್ ಪೇಪರ್ ಮೇಲೆ ಸಮ ಮಾಡಿ. ಬಣ್ಣವನ್ನು ತಟ್ಟೆಯಲ್ಲಿ ಮೊಸರಿನ ಹದಕ್ಕೆ ಮಾಡಿಕೊಂಡು, ಕಡ್ಡಿ ಅದ್ದಿ, ಹಳೇ ಪೇಪರ್ ಮೇಲೆ ಒಂದು ಸಲ ಒತ್ತಿ ನೋಡಿ, ಎರಡನೇದನ್ನು ವಿಮಾನದ ಮೇಲೆ ನೆಟ್ಟಗೆ ಇಟ್ಟು ನೆಟ್ಟಗೆ ಎತ್ತಿ. ಹಣೆಗೆ ಬೊಟ್ಟು ಇಟ್ಟ ಹಾಗೆ. ಅಚ್ಚುಕಟ್ಟಾದ ದುಂಡು ಬಿಲ್ಲೆ ಬೀಳುತ್ತದೆ. ನನ್ನ ಹೆಂಡತಿ ಇದನ್ನು ನೋಡಿ, ಇಷ್ಟು ಹೊತ್ತು ಬ್ರಷ್ ಹಿಡಿದು ಒದ್ದಾಡುತ್ತಿದ್ದಿರಲ್ಲ, ಮೊದಲೇ ಕೇಳಬಾರದಿತ್ತಾ ಅಂದಳು. ಕಡ್ಡಿ ಉಪಾಯ ಅವಳದೇ.

ಬಾಟಲಿಯಲ್ಲಿ ಬರುವ ಆರೆಂಜ್ ಹಾಗೇ ಹಾಕಿದರೆ ಸ್ವಲ್ಪ ಕೆಂಪಾಗಿ ಕಾಣುತ್ತದೆ. ಒಂದು ಹನಿ ಹಳದಿ ಸೇರಿಸಿ. ಹಸಿರು ಗಿಳಿ ಹಸಿರಲ್ಲ, ಅದಕ್ಕಿಂತ ಗಾಢ. ಪಕ್ಕದಲ್ಲಿ ಒಂದು ಒಳ್ಳೆಯ ಖಾದಿ ಬಾವುಟ ಇಟ್ಟುಕೊಂಡು ಹೊಂದಿಸಿದರೆ ಸಾಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮಾಡುವ ಬಾವುಟಕ್ಕೆ ಬಣ್ಣವೂ ಸೇರಿದಂತೆ ಸರ್ಕಾರದ ಮಾನದಂಡದ ಪರೀಕ್ಷೆ ಇರುತ್ತದೆ, ಹಾಗಾಗಿ ಅದಕ್ಕಿಂತ ಒಳ್ಳೆಯ ಕಲರ್ ಚಾರ್ಟ್ ಸಿಗುವುದಿಲ್ಲ. (ನಮ್ಮೂರು ಮೈಸೂರಲ್ಲೇ ಬಣ್ಣದ ಕಾರ್ಖಾನೆ ಇದೆ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಆದರೆ ಅದರ ಹೆಸರು ದೇಶಕ್ಕೆಲ್ಲ ಗೊತ್ತಾಗಿರುವುದು ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯಿಂದ. ಅದನ್ನು ವಿಮಾನಕ್ಕೆ ಹಚ್ಚಲು ಬರುವುದಿಲ್ಲ ಬಿಡಿ.)

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನುವವರಿಗೆ ರೇಡಿಯಂ ಅಂಗಡಿ ಇದೆ. ಬೈಕಿಗೆ ನಂಬರ್ ಕತ್ತರಿಸಿ ಅಂಟಿಸುವವರು. ಮೈಸೂರಲ್ಲಿ ಯಾವ ರಸ್ತೆಗೆ ಹೋದರೂ ಒಬ್ಬರು ಸಿಗುತ್ತಾರೆ. ಹೊಳೆಯದ ಮ್ಯಾಟ್ ಸ್ಟಿಕ್ಕರ್ ಕೇಳಿ. ಹೊಳೆಯುವುದನ್ನು ಹಾಕಿದರೆ ಆಟೋ ಹಿಂಭಾಗದ ಥರ ಕಾಣುತ್ತದೆ. ಮತ್ತೆ ಬಾಯಲ್ಲಿ ಹೇಳಬೇಡಿ. ಬಣ್ಣ ಹಚ್ಚಿದ ಚಿತ್ರ ಬರೆದುಕೊಂಡು ಹೋಗಿ, ಪ್ರತಿ ಬಣ್ಣದ ಪಕ್ಕ ಅಳತೆ ಬರೆದು ಕೊಡಿ. ಕೈಗೆ ಬಂದ ಮೇಲೆ ಅಲ್ಲೇ ನಿಂತು ನೋಡಿ.

ಬಾಲದ ಪಟ್ಟಿ

ಬಾಲದ ಮೇಲೆ ನಿಂತ ರೆಕ್ಕೆಯಲ್ಲಿ ಮೂರು ಬಣ್ಣದ ಚಿಕ್ಕ ಪಟ್ಟಿ ಇರುತ್ತದೆ. ಇದಕ್ಕೆ ಫಿನ್ ಫ್ಲ್ಯಾಶ್ ಅನ್ನುತ್ತಾರೆ. ಇದು ಬಾವುಟ ಅಲ್ಲ. ಬಣ್ಣಗಳು ಅಡ್ಡ ಅಲ್ಲ, ಉದ್ದಕ್ಕೆ ನಿಂತಿರುತ್ತವೆ. ಇಲ್ಲೂ ಚಕ್ರ ಇಲ್ಲ. ಸಾಮಾನ್ಯವಾಗಿ ಕೇಸರಿ ಮೂಗಿನ ಕಡೆ, ಹಸಿರು ಹಿಂದೆ. ಅಂದರೆ ಎಡಪಕ್ಕದಲ್ಲಿ ನಿಂತು ನೋಡಿದರೆ ಎಡದಿಂದ ಬಲಕ್ಕೆ ಕೇಸರಿ, ಬಿಳಿ, ಹಸಿರು. ಬಲಪಕ್ಕದಲ್ಲಿ ನಿಂತರೆ ಅದು ತಿರುಗಿ ಹಸಿರು, ಬಿಳಿ, ಕೇಸರಿ. ಎರಡೂ ಪಕ್ಕಕ್ಕೆ ಎಡದಿಂದ ಬಲಕ್ಕೆ ಒಂದೇ ಸರದಿ ಬರುವ ಹಾಗೆ ಅಂಟಿಸಿದರೆ ಒಂದು ಪಕ್ಕ ಖಂಡಿತ ತಪ್ಪುತ್ತದೆ. ನೀವು ಮಾಡುವ ವಿಮಾನದ ಆ ಪಕ್ಕದ ಫೋಟೋ ನೋಡಿಯೇ ಅಂಟಿಸಿ. ಇಷ್ಟೇ, ಇದರಲ್ಲಿ ಜಾಸ್ತಿ ಕೆಲಸ ಇಲ್ಲ.

ನಂಬರ್ ಸುಮ್ಮನೆ ಬರೆಯಬೇಡಿ

ಮಕ್ಕಳು ತಮ್ಮ ಹುಟ್ಟಿದ ದಿನಾಂಕ ಬರೆಯುತ್ತಾರೆ, ಅಪ್ಪಂದಿರು ಕಾರಿನ ನಂಬರ್ ಬರೆಯುತ್ತಾರೆ. ಬರೆಯಲಿ, ಖುಷಿಗೆ. ಆದರೆ ನಿಜವಾದ ನಂಬರಿನಲ್ಲಿ ಮುಂದಿನ ಅಕ್ಷರಗಳಿಗೆ ಅರ್ಥ ಇರುತ್ತದೆ. ಯಾವ ಜಾತಿಯ ವಿಮಾನ ಅಂತ ಅದು ಹೇಳುತ್ತದೆ. ಸುಖೋಯ್-30 ಎಂಕೆಐಗೆ ಎಸ್‌ಬಿ. ಒಬ್ಬರೇ ಕೂರುವ ಮಿರಾಜ್-2000ಕ್ಕೆ ಕೆಎಫ್, ಇಬ್ಬರು ಕೂರುವುದಕ್ಕೆ ಕೆಟಿ. ಜಾಗ್ವಾರ್‌ಗೆ ಜೆಎಸ್, ಅದರ ತರಬೇತಿ ವಿಮಾನಕ್ಕೆ ಜೆಟಿ. ತೇಜಸ್‌ಗೆ ಎಲ್‌ಎ, ಮುಂದೆ ನಾಲ್ಕು ಅಂಕಿ. ಹೆಲಿಕಾಪ್ಟರ್‌ಗಳಲ್ಲಿ ಝಡ್ ಅಕ್ಷರ ಜಾಸ್ತಿ ಕಾಣುತ್ತದೆ. ನೌಕಾಪಡೆಯದಾದರೆ ಐಎನ್, ಕೋಸ್ಟ್ ಗಾರ್ಡ್ ಆದರೆ ಸಿಜಿ.

ರಫೇಲ್‌ನದು ಸ್ವಲ್ಪ ಮಜಾ ಇದೆ. ಒಬ್ಬರೇ ಕೂರುವ ರಫೇಲ್‌ಗೆ ಬಿಎಸ್, ಇಬ್ಬರು ಕೂರುವುದಕ್ಕೆ ಆರ್‌ಬಿ. ಇವು ವಾಯುಪಡೆಯ ಇಬ್ಬರು ಮುಖ್ಯಸ್ಥರ ಹೆಸರಿನ ಅಕ್ಷರಗಳು. ಬೀರೇಂದರ್ ಸಿಂಗ್ ಧನೋವಾ ಅವರದು ಬಿಎಸ್, ರಾಕೇಶ್ ಕುಮಾರ್ ಸಿಂಗ್ ಭದೌರಿಯಾ ಅವರದು ಆರ್‌ಬಿ. ನಮ್ಮಲ್ಲಿ ಬಸ್ಸಿನ ಮುಂದೆ ಮಕ್ಕಳ ಹೆಸರು ಬರೆಸುವ ಹಾಗೆ ಅಂತ ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ ಎದುರು ಮನೆಯವರು ನಗಲಿಲ್ಲ.

ಅಕ್ಷರ ಬರೆಯಲು ಸುಲಭ ದಾರಿ ಅಂದರೆ ಕಂಪ್ಯೂಟರಲ್ಲಿ ಟೈಪ್ ಮಾಡಿ ವಾಟರ್ ಸ್ಲೈಡ್ ಪೇಪರ್ ಮೇಲೆ ಪ್ರಿಂಟ್ ತೆಗೆಯುವುದು. ನೀರಲ್ಲಿ ನೆನೆಸಿದರೆ ತೆಳು ಪೊರೆ ಜಾರಿ ಬರುತ್ತದೆ, ಮಕ್ಕಳು ಕೈಗೆ ಅಂಟಿಸಿಕೊಳ್ಳುವ ಟ್ಯಾಟೂ ಇದ್ದ ಹಾಗೇ. ಇಂಕ್‌ಜೆಟ್ ಪ್ರಿಂಟರ್ ಆದರೆ ನೀರಿಗೆ ಹಾಕುವ ಮುಂಚೆ ಮೇಲೆ ಒಂದು ಕೈ ವಾರ್ನಿಷ್ ಸ್ಪ್ರೇ ಮಾಡಲೇಬೇಕು. ಇಲ್ಲದಿದ್ದರೆ ಅಕ್ಷರ ಕರಗಿ ನೀರೆಲ್ಲ ನೀಲಿ ಆಗುತ್ತದೆ.

ಪೀಠದ ಮೇಲೊಂದು ಧ್ವಜ

ವಿಮಾನ ಬರೀ ಇಟ್ಟರೆ ಬೋಳು ಅನಿಸುತ್ತದೆ. ಪೀಠದ ಪಕ್ಕ ವಾಯುಪಡೆಯ ಧ್ವಜ ನಿಲ್ಲಿಸಿ. ತಿಳಿನೀಲಿ ಬಟ್ಟೆ. ಕಂಬದ ಕಡೆ ಮೇಲಿನ ಮೂಲೆಯಲ್ಲಿ ರಾಷ್ಟ್ರಧ್ವಜ. ಕಂಬದಿಂದ ದೂರದ ಕೆಳಮೂಲೆಯಲ್ಲಿ ಮೂರು ಬಣ್ಣದ ಸುತ್ತು. ಇಲ್ಲಿಯವರೆಗೆ ಹಳೆಯದು. ಬ್ರಿಟಿಷರ ಕಾಲದಲ್ಲಿ ಆ ಮೂಲೆಯಲ್ಲಿ ಯೂನಿಯನ್ ಜಾಕ್, ಈ ಮೂಲೆಯಲ್ಲಿ ಕೆಂಪು ಬಿಳಿ ನೀಲಿ ಸುತ್ತು ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಬದಲಾದವು, ವಿನ್ಯಾಸ ಮಾತ್ರ ಹಾಗೇ ಉಳಿಯಿತು.

ಆದರೆ 2023ರ ಅಕ್ಟೋಬರ್ 8ರಂದು, ವಾಯುಪಡೆ ದಿನಾಚರಣೆಗೆ, ಪ್ರಯಾಗರಾಜ್‌ನಲ್ಲಿ ಹೊಸ ಧ್ವಜ ಬಂತು. ಕಂಬದಿಂದ ದೂರದ ಮೇಲಿನ ಮೂಲೆಯಲ್ಲಿ ವಾಯುಪಡೆಯ ಲಾಂಛನ ಸೇರಿಸಿದರು. ಮೇಲೆ ಅಶೋಕ ಸಿಂಹ, ಅದರ ಕೆಳಗೆ ರೆಕ್ಕೆ ಬಿಚ್ಚಿದ ಹಿಮಾಲಯದ ಹದ್ದು, ಹದ್ದಿನ ಸುತ್ತ ತಿಳಿನೀಲಿ ಉಂಗುರ, ಅದರಲ್ಲಿ ಭಾರತೀಯ ವಾಯು ಸೇನಾ ಅಂತ ಹೆಸರು. ಕೆಳಗೆ ಚಿನ್ನದ ಬಣ್ಣದಲ್ಲಿ ಧ್ಯೇಯವಾಕ್ಯ, "ನಭಃ ಸ್ಪೃಶಂ ದೀಪ್ತಮ್". ಭಗವದ್ಗೀತೆಯ 11ನೇ ಅಧ್ಯಾಯದ 24ನೇ ಶ್ಲೋಕದಿಂದ ತೆಗೆದದ್ದು. ಅರ್ಜುನ ವಿಶ್ವರೂಪ ನೋಡಿ ಬೆದರಿ ಹೇಳುವ ಮಾತು, ಆಕಾಶ ಮುಟ್ಟುವ ಬೆಳಕು ಅಂತ. ಹಾಗಾಗಿ ಇಂಟರ್ನೆಟ್ಟಲ್ಲಿ ಸಿಗುವ ಹಳೇ ಚಿತ್ರ ನೋಡಿಕೊಂಡು ಮಾಡಿದರೆ ಲಾಂಛನ ಇಲ್ಲದ ಧ್ವಜ ಮಾಡಿಬಿಡುತ್ತೀರಿ. ಹಳೇ ಹಂಟರ್ ಪಕ್ಕ ಇಡಲು ಅದೇ ಸರಿ. ಈಗಿನ ತೇಜಸ್ ಪಕ್ಕ ಹೊಸದೇ ಇರಲಿ.

ಮೂಲೆಯ ರಾಷ್ಟ್ರಧ್ವಜ ಮಾತ್ರ ಕೈಯಲ್ಲಿ ಬರೆಯಲು ಹೋಗಬೇಡಿ. ಅದರ ಅಳತೆ ಮೂರಕ್ಕೆ ಎರಡು. 3 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರ ಅಂದುಕೊಂಡರೆ ಬಿಳಿ ಪಟ್ಟಿ ಏಳು ಮಿಲಿಮೀಟರೂ ಇರುವುದಿಲ್ಲ. ಅದರೊಳಗೆ ಚಕ್ರ, ಚಕ್ರದೊಳಗೆ 24 ಕಡ್ಡಿ. ನಾನು ಒಮ್ಮೆ ಅತಿ ಸಣ್ಣ ಬ್ರಷ್ ಹಿಡಿದು ಕೂತೆ. ಎಂಟು ಕಡ್ಡಿ ಆಗುವಷ್ಟರಲ್ಲಿ ನೀಲಿ ಚುಕ್ಕೆ ಆಯಿತು. ಎಂಟಕ್ಕೇ ನಿಲ್ಲಿಸಿದರೆ ಅದು ಸೈಕಲ್ ಚಕ್ರವೂ ಅಲ್ಲ, ಅಶೋಕ ಚಕ್ರವಂತೂ ಅಲ್ಲವೇ ಅಲ್ಲ. ಲೇಸರ್ ಪ್ರಿಂಟ್ ತೆಗೆಸಿ ಅಂಟಿಸಿ, ಅಷ್ಟು ಚಿಕ್ಕದರಲ್ಲೂ 24 ಕಡ್ಡಿ ಚೂಪಾಗಿ ಬರುತ್ತದೆ.

ನಮ್ಮ ಮೈಸೂರಿನದೇ ಒಂದು ಇದೆ

ಎಲ್ಲರೂ ತೇಜಸ್, ರಫೇಲ್ ಮಾಡುತ್ತಾರೆ. ಬೇರೆ ಏನಾದರೂ ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಬ್ರಿಟಿಷರ ಹಳೇ ಯುದ್ಧವಿಮಾನ ಸ್ಪಿಟ್‌ಫೈರ್. ಯಾಕೆ ಅಂತ ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ದೇಣಿಗೆ ಕೊಟ್ಟ ಊರು, ಸಂಸ್ಥಾನಗಳ ಹೆಸರನ್ನು ಸ್ಕ್ವಾಡ್ರನ್‌ಗಳಿಗೆ, ಅಂದರೆ ವಿಮಾನ ದಳಗಳಿಗೆ, ಇಡುತ್ತಿದ್ದರು. ಹಾಗೆ 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಶುರುವಾದದ್ದು 129ನೇ ಸ್ಕ್ವಾಡ್ರನ್. ಪೂರ್ತಿ ಹೆಸರು 129 ಮೈಸೂರು ಸ್ಕ್ವಾಡ್ರನ್. ಸ್ಪಿಟ್‌ಫೈರ್ ಹಾರಿಸುತ್ತಿದ್ದರು. ಅದರ ಲಾಂಛನ ಏನು ಗೊತ್ತಾ? ಗಂಡಭೇರುಂಡ. ನಮ್ಮ ಅರಮನೆ ಬಾಗಿಲ ಮೇಲೆ, ಕೆಎಸ್ಆರ್‌ಟಿಸಿ ಬಸ್ಸಿನ ಮೇಲೆ ದಿನಾ ನೋಡುವ ಅದೇ ಎರಡು ತಲೆಯ ಹಕ್ಕಿ, ಬ್ರಿಟನ್ನಿನ ಕಿರೀಟದ ಕೆಳಗೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅರಮನೆ ಊರಲ್ಲಿ ಬೊಂಬೆ ಕೂರಿಸುವವರು ಪಟ್ಟದ ಬೊಂಬೆಗಳ ಕೆಳಗೆ ಇಡಲು ಇದಕ್ಕಿಂತ ಒಪ್ಪುವ ವಿಮಾನ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದರ ಗುರುತು ಬೇರೆ. ಬ್ರಿಟಿಷ್ ಸುತ್ತು, ಆದರೆ ಒಂದೇ ಥರದ್ದಲ್ಲ. ಪಕ್ಕದಲ್ಲಿ ನಡುವಿಂದ ಹೊರಕ್ಕೆ ಕೆಂಪು, ಬಿಳಿ, ನೀಲಿ, ಅದರಾಚೆ ಹಳದಿ ಉಂಗುರ. ರೆಕ್ಕೆಯ ಮೇಲ್ಭಾಗದಲ್ಲಿ ಬಿಳಿಯೂ ಇಲ್ಲ, ಹಳದಿಯೂ ಇಲ್ಲ, ಬರೀ ಕೆಂಪು ಬಿಲ್ಲೆ, ಸುತ್ತ ನೀಲಿ. ಮೇಲಿಂದ ಬರುವ ಶತ್ರುವಿಗೆ ಬಿಳಿ ಹೊಳೆಯಬಾರದು ಅಂತ. 1941ರ ಆಗಸ್ಟ್ ಆದ ಮೇಲಿನ ವಿಮಾನವಾದರೆ ಮೇಲ್ಮೈ ಗಾಢ ಹಸಿರು ಮತ್ತು ಬೂದು, ಅದಕ್ಕಿಂತ ಮುಂಚಿನದಾದರೆ ಹಸಿರು ಮತ್ತು ಮಣ್ಣಿನ ಕಂದು. ಪಕ್ಕದಲ್ಲಿ ಸ್ಕ್ವಾಡ್ರನ್ನಿನ ಗುರುತಾಗಿ ಡಿವಿ ಅನ್ನುವ ಎರಡು ಅಕ್ಷರ. ಗಂಡಭೇರುಂಡವನ್ನು ಪೀಠದ ಮೇಲೆ ಬರೆಯಿರಿ. ಅಲ್ಲಿ ಜಾಗವೂ ಜಾಸ್ತಿ, ಬಂದವರು ಓದಲಿಕ್ಕೂ ಸುಲಭ.

ಭಾರತದ ವಾಯುಪಡೆಯದೇ ಆ ಕಾಲದ ವಿಮಾನ ಬೇಕಾದರೆ ಇನ್ನೊಂದು ಗಮ್ಮತ್ತು ಇದೆ. 1932ರ ಅಕ್ಟೋಬರ್ 8ಕ್ಕೆ ಹುಟ್ಟಿದ ನಮ್ಮ ವಾಯುಪಡೆ ಮೊದಲು ಬ್ರಿಟಿಷರ ಸುತ್ತನ್ನೇ ಹಾಕುತ್ತಿತ್ತು. ಬರ್ಮಾ ಕಡೆ ಜಪಾನಿನ ಜೊತೆ ಯುದ್ಧ ಶುರುವಾದಾಗ ನಡುವಿನ ಕೆಂಪು ತೊಂದರೆ ಕೊಟ್ಟಿತು. ಜಪಾನಿನ ಗುರುತು ಕೆಂಪು ಸೂರ್ಯ, ಅಲ್ವಾ? ದೂರದಿಂದ ಎರಡೂ ಒಂದೇ. ಅದಕ್ಕೆ ಈ ಭಾಗದ ವಿಮಾನಗಳಲ್ಲಿ ಕೆಂಪನ್ನು ತೆಗೆದೇಬಿಟ್ಟರು. ಹೊರಗೆ ಗಾಢ ನೀಲಿ, ನಡುವೆ ತಿಳಿನೀಲಿ, ಅಷ್ಟೇ. ಬರ್ಮಾದಲ್ಲಿ ಹಾರಿದ ನಮ್ಮ ಹರಿಕೇನ್ ಯುದ್ಧವಿಮಾನ ಮಾಡುವವರು ಕೆಂಪು ಡಬ್ಬಿ ತೆರೆಯುವ ಹಾಗೇ ಇಲ್ಲ.

ಕೊಡಗಿನ ಕಡೆಯವರಾದರೆ ಮಿಸ್ಟೇರ್ ಮಾಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಕೊಡಗಿನ ಪೈಲಟ್ ಅಜ್ಜಮಾಡ ದೇವಯ್ಯನವರು ಹಾರಿಸಿದ್ದು ಅದನ್ನೇ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ.

ನಿಜವಾದದ್ದನ್ನು ನೋಡಬೇಕೆಂದರೆ

ಫೋಟೋ ಸಾಲದು ಅನ್ನುವವರು ಒಂದು ಭಾನುವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಚ್ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ನಮ್ಮಲ್ಲೇ ತಯಾರಾಗಿ 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ಪಕ್ಕದಲ್ಲೇ ನಿಂತು ರೌಂಡೆಲ್‌ಗೆ ಕೈಯಳತೆ ಇಟ್ಟು ನೋಡಬಹುದು. ಎಚ್ಎಎಲ್ ಶುರುವಾದಾಗ ಮೈಸೂರು ಸರ್ಕಾರದ ದುಡ್ಡೂ ಅದರಲ್ಲಿತ್ತು, ಹಾಗಾಗಿ ಅಲ್ಲಿ ಸ್ವಲ್ಪ ಹಕ್ಕಿನಿಂದಲೇ ಓಡಾಡಿ.

ಊರಲ್ಲೇ ಬೇಕಾದರೆ ದಸರಾ ಏರ್ ಶೋ ನಡೆಯುವ ವರ್ಷಕ್ಕೆ ಕಾಯಬೇಕು. 2025ರ ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ ಸೂರ್ಯಕಿರಣ್ ತಂಡ ಹಾರಿತು. ನಮ್ಮ ಬೀದರ್‌ನಿಂದ ಬರುವ ತಂಡ, ಕೆಂಪು ಬಿಳಿಯ ಹಾಕ್ ವಿಮಾನಗಳು. ನೆಲದಿಂದ ನೋಡುವವರಿಗೆ ಜಾಸ್ತಿ ಕಾಣುವುದು ಹೊಟ್ಟೆ ಮತ್ತು ರೆಕ್ಕೆಯ ಕೆಳಭಾಗ. ಹೆಚ್ಚಿನವರು ಮಾದರಿ ಮಾಡುವಾಗ ಬಣ್ಣ ಹಚ್ಚದೆ ಬಿಡುವ ಜಾಗವೂ ಅದೇ. ಬೈನಾಕ್ಯುಲರ್ ಇದ್ದರೆ ವಿಮಾನ ಪಕ್ಕಕ್ಕೆ ಹೊರಳುವ ಕ್ಷಣಕ್ಕೆ ಕಾಯಿರಿ, ರೆಕ್ಕೆಯ ಮೇಲ್ಭಾಗ ಒಂದೆರಡು ಸೆಕೆಂಡು ಪೂರ್ತಿ ಕಾಣುತ್ತದೆ. ಅಷ್ಟರಲ್ಲಿ ಮೊಬೈಲ್ ತೆಗೆಯಲು ಹೋದರೆ ಎರಡೂ ತಪ್ಪುತ್ತದೆ.

ಕೊನೆಗೆ ವಾರ್ನಿಷ್, ಮರೆಯಬೇಡಿ

ಎಲ್ಲ ಮುಗಿದ ಮೇಲೆ ಮ್ಯಾಟ್ ವಾರ್ನಿಷ್ ಎರಡು ಕೈ ಹಚ್ಚಿ ಎರಡು ದಿನ ಬಿಡಿ. ಧೂಳಿಗಾಗಿ ಅಲ್ಲ. ಒಂಬತ್ತನೇ ದಿನ ಆಯುಧಪೂಜೆ ಬರುತ್ತದೆ. ಮನೆಯಲ್ಲಿ ಚಾಕು, ಸೈಕಲ್, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಡುವ ಅಮ್ಮ ವಿಮಾನವನ್ನು ಬಿಡುತ್ತಾರಾ? ನನ್ನ ತೇಜಸ್‌ಗೆ ಮೂಗಿನ ಮೇಲೊಂದು, ಎರಡೂ ರೆಕ್ಕೆಯ ಸುತ್ತಿನ ನಟ್ಟನಡುವೆ ಒಂದೊಂದು ಬೊಟ್ಟು ಬಿತ್ತು. ಅದೂ ನೀರಲ್ಲಿ ಕಲಸಿದ ಕುಂಕುಮ. ವಾರ್ನಿಷ್ ಇಲ್ಲದ ಬಿಳಿ ಉಂಗುರ ಅದನ್ನು ಹೀರಿಕೊಂಡಿತು, ಒರೆಸಿದಷ್ಟೂ ಗುಲಾಬಿ ಆಯಿತು. ವಾರ್ನಿಷ್ ಇದ್ದರೆ ಒಣಗುವ ತನಕ ಬಿಟ್ಟು ಒಣ ಬ್ರಷ್‌ನಿಂದ ತಳ್ಳಿದರೆ ಪುಡಿಯಾಗಿ ಉದುರುತ್ತದೆ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ. ಮತ್ತೆ ವಿಜಯದಶಮಿ ಮುಗಿಯುವ ತನಕ ತೆಗೆಯಬೇಡಿ, ಅಮ್ಮ ನೋಡುತ್ತಿರುತ್ತಾರೆ.